ಹತ್ತನೇ ಸಹಿ: ದ್ಮಿತ್ರಿ ಪೊಝಾರ್ಸ್ಕಿ ಮತ್ತು 1612ರ ಮಾಸ್ಕೋ

ಮೊದಲು ಪರದೆಯ ಮೇಲಿರುವ ಈ ಫೋಟೋ ನೋಡಿ. ಮಾಸ್ಕೋದ ಕೆಂಪು ಚೌಕ. ಹಿಂದೆ ಬಣ್ಣಬಣ್ಣದ ಗುಮ್ಮಟಗಳ ಚರ್ಚು ಇದೆಯಲ್ಲ, ಅದು ಸೇಂಟ್ ಬೆಸಿಲ್. ಅದರ ಮುಂದೆ ಇಬ್ಬರ ಕಂಚಿನ ಪ್ರತಿಮೆ. ಒಬ್ಬ ನಿಂತುಕೊಂಡು, ಕೈ ಎತ್ತಿ ಏನನ್ನೋ ತೋರಿಸುತ್ತಿದ್ದಾನೆ. ಇನ್ನೊಬ್ಬ ಕೂತಿದ್ದಾನೆ, ಕೈ ಗುರಾಣಿಯ ಮೇಲಿದೆ. ಇವರಲ್ಲಿ ದಂಡನಾಯಕ ಯಾರು, ಹೇಳಿ?

ತುಂಬಾ ಜನ ನಿಂತವನನ್ನೇ ತೋರಿಸಿದಿರಿ. ಮೊದಲ ಸಲ ನೋಡಿದಾಗ ನಾನೂ ಹಾಗೇ ಅಂದುಕೊಂಡಿದ್ದೆ. ನಿಂತವನು ಮಾಂಸದ ವ್ಯಾಪಾರಿ. ಹೆಸರು ಕುಜ್ಮಾ ಮಿನಿನ್. ಕೂತವನೇ ದಂಡನಾಯಕ, ದೊಡ್ಡ ಮನೆತನದ ದ್ಮಿತ್ರಿ ಪೊಝಾರ್ಸ್ಕಿ. ಅವನು ಕೂತಿರುವುದು ಸಿಂಹಾಸನವೂ ಅಲ್ಲ, ಕುದುರೆಯೂ ಅಲ್ಲ, ಗಾಯಾಳುವಿನ ಹಾಸಿಗೆ. 'ಏಳು, ಹೊರಡೋಣ' ಅಂತ ಮಿನಿನ್ ಕರೆಯುತ್ತಿದ್ದಾನೆ. ಶಿಲ್ಪಿ ಇವಾನ್ ಮಾರ್ತೊಸ್ ಮಾಡಿದ ಈ ಪ್ರತಿಮೆ 1818ರಲ್ಲಿ ನಿಂತಿತು. ಪೀಠದ ಮೇಲೆ 'ನಾಗರಿಕ ಮಿನಿನ್ ಮತ್ತು ಪ್ರಭು ಪೊಝಾರ್ಸ್ಕಿಗೆ ಕೃತಜ್ಞ ರಷ್ಯ' ಅಂತ ಬರೆದಿದೆ. ವ್ಯಾಪಾರಿಯ ಹೆಸರು ಮೊದಲು, ಪ್ರಭುವಿನ ಹೆಸರು ಆಮೇಲೆ.

ಇವತ್ತು ಮಾತಾಡಬೇಕಾದದ್ದು ಈ ಕೂತವನ ಬಗ್ಗೆ. ಯುದ್ಧದ ಬಗ್ಗೆಯೂ ಹೇಳುತ್ತೇನೆ. ಆದರೆ ನನಗೆ ಅದಕ್ಕಿಂತ ಕುತೂಹಲ ಇರುವುದು ಯಾರು ಎಲ್ಲಿ ಕೂರಬೇಕು ಅನ್ನುವ ವಿಷಯದಲ್ಲಿ. ನಗಬೇಡಿ. ಅಂದಿನ ಮಾಸ್ಕೋದಲ್ಲಿ ಅದಕ್ಕಿಂತ ದೊಡ್ಡ ವಿಷಯ ಇರಲಿಲ್ಲ.

ರಷ್ಯನ್ ಭಾಷೆಯಲ್ಲಿ 'ಮೆಸ್ತೊ' ಅಂದರೆ ಜಾಗ. ಅದರಿಂದ ಬಂದದ್ದು 'ಮೆಸ್ತ್ನಿಚೆಸ್ತ್ವೊ' ಅನ್ನುವ ಪದ್ಧತಿ. ನಮ್ಮಲ್ಲಿ ಮದುವೆ ಮನೆಯ ಪಂಕ್ತಿಯಲ್ಲಿ ಬೀಗರ ಕಡೆಯವರನ್ನು ಕೊನೆಗೆ ಕೂರಿಸಿದರೆ ಏನಾಗುತ್ತದೆ? ಹತ್ತು ವರ್ಷ ಮಾತಿಲ್ಲ. ಅದನ್ನೇ ಒಂದು ರಾಜ್ಯದ ಕಾನೂನು ಮಾಡಿದರೆ ಹೇಗಿರುತ್ತದೋ ಹಾಗಿತ್ತು ಇದು. ನಿಮ್ಮ ತಾತ ನನ್ನ ತಾತನ ಕೈಕೆಳಗೆ ದಂಡಿಗೆ ಹೋಗಿದ್ದರೆ, ನಾನು ನಿಮ್ಮ ಕೈಕೆಳಗೆ ಕೆಲಸ ಮಾಡುವ ಹಾಗಿಲ್ಲ. ಮಾಡಿದರೆ ನನ್ನ ಮೊಮ್ಮಕ್ಕಳ ಮೊಮ್ಮಕ್ಕಳಿಗೂ ಅದು ಕಳಂಕ. ಹಾಗಾಗಿ ಎದುರಿಗೆ ಶತ್ರು ನಿಂತಿದ್ದರೂ 'ಇವನ ಕೆಳಗೆ ನಾನು ನಿಲ್ಲಲ್ಲ' ಅಂತ ಅರ್ಜಿ ಹಾಕುತ್ತಿದ್ದರು. ದಾಖಲೆ ಪುಸ್ತಕ ತೆಗೆದು, ಯಾರ ಮುತ್ತಾತ ಯಾವ ವರ್ಷ ಯಾವ ಹುದ್ದೆಯಲ್ಲಿದ್ದ ಅಂತ ಪಂಚಾಯ್ತಿ ಮಾಡಬೇಕಿತ್ತು.

ಪೊಝಾರ್ಸ್ಕಿ ಇದಕ್ಕೆಲ್ಲ ಹೊರತಾದ ಸಂತ ಅಂತ ತಿಳಿಯಬೇಡಿ. 1602ರಲ್ಲಿ ಅವನೇ ಒಂದು ಜಗಳ ತೆಗೆದಿದ್ದ. ಅರಮನೆಯ ಹೆಂಗಸರ ಓಲಗದಲ್ಲಿ ಅವನ ತಾಯಿ ಮಾರಿಯಾ ಒಬ್ಬ ಊಳಿಗದ ಹಿರಿಯಳು. ಲೈಕೊವ್ ಅನ್ನುವ ಇನ್ನೊಬ್ಬ ಪ್ರಭುವಿನ ತಾಯಿಯೂ ಅಲ್ಲೇ ಇದ್ದಳು. ನಮ್ಮಮ್ಮ ಲೈಕೊವನ ಅಮ್ಮನಿಗಿಂತ ಕೆಳಗೆ ಇರುವುದು ಆಗದು ಅಂತ ಪೊಝಾರ್ಸ್ಕಿ ತ್ಸಾರ್, ಅಂದರೆ ರಷ್ಯದ ದೊರೆ, ಬೋರಿಸ್ ಗೊದುನೊವನ ಮುಂದೆ ಹೋದ. ಆಗ ಹೊರಗೆ ಬರಗಾಲ. ಜನ ಬೀದಿಯಲ್ಲಿ ಸಾಯುತ್ತಿದ್ದರು.

'ಪ್ರಭು' ಅನ್ನುವ ಪದ ಬಳಸುತ್ತಿದ್ದೇನೆ, ಅದರ ಬಗ್ಗೆ ಒಂದು ಮಾತು. ರಷ್ಯನ್ ಪದ 'ಕ್ನ್ಯಾಜ್'. ಇದನ್ನು ರಾಜಕುಮಾರ ಅಂದರೆ ತಪ್ಪಾಗುತ್ತದೆ. ಒಂದು ಕಾಲದಲ್ಲಿ ಸಣ್ಣ ಸಣ್ಣ ಸೀಮೆ ಆಳಿದವರ ವಂಶಸ್ಥರು ಇವರು. ಸೀಮೆ ಮಾಸ್ಕೋದ ಪಾಲಾಗಿ, ಬಿರುದು ಮಾತ್ರ ಉಳಿದಿತ್ತು. ಪೊಝಾರ್ಸ್ಕಿಗಳು ಸ್ತಾರೊದುಬ್ ಸೀಮೆಯವರು. ವಂಶ ದೊಡ್ಡದು, ಆದರೆ ಎರಡು ಮೂರು ತಲೆಮಾರಿನಿಂದ ದೊಡ್ಡ ಹುದ್ದೆ ಯಾರಿಗೂ ಸಿಕ್ಕಿರಲಿಲ್ಲ. ಅಂಥವರಿಗೇ ಜಾಗದ ಚಿಂತೆ ಜಾಸ್ತಿ ಅಲ್ವಾ? ಇನ್ನು 'ಪೊಝಾರ್' ಅಂದರೆ ಊರು ಸುಡುವ ಬೆಂಕಿ. ಸುಟ್ಟುಹೋದ ಒಂದು ಊರಿನ ನೆನಪಿಗೆ ಬಂದ ಮನೆತನದ ಹೆಸರು. ಕಾಕತಾಳೀಯ ಅನ್ನಿ, ಕೆಂಪು ಚೌಕವನ್ನೂ ಆಗ ಜನ 'ಪೊಝಾರ್' ಅಂತಲೇ ಕರೆಯುತ್ತಿದ್ದರು.

ಈಗ ಕಾಲದ ವಿಷಯ. ಬೇಗ ಹೇಳಿ ಮುಗಿಸುತ್ತೇನೆ. ಹೆಸರುಗಳ ಸಂತೆ ಅದು, ಎಲ್ಲ ನೆನಪಿಡಬೇಕಾಗಿಲ್ಲ.

1598ರಲ್ಲಿ ತ್ಸಾರ್ ಫ್ಯೋದರ್ ಮಕ್ಕಳಿಲ್ಲದೆ ತೀರಿಕೊಂಡ. ಏಳು ಶತಮಾನದ ವಂಶ ಅಲ್ಲಿಗೆ ನಿಂತಿತು. ಅವನ ಭಾವಮೈದುನ ಬೋರಿಸ್ ಗೊದುನೊವ್ ಪಟ್ಟಕ್ಕೆ ಬಂದ. 1601ರಿಂದ 1603ರವರೆಗೆ ಬೇಸಗೆಯಲ್ಲೇ ಮಂಜು ಬಿದ್ದು ಪೈರು ಸತ್ತಿತು. 1600ರಲ್ಲಿ ದಕ್ಷಿಣ ಅಮೆರಿಕದ ಪೆರುವಿನಲ್ಲಿ ಸಿಡಿದ ಜ್ವಾಲಾಮುಖಿಯ ಬೂದಿಯೇ ಅದಕ್ಕೆ ಕಾರಣ ಅಂತ ಈಗಿನ ವಿಜ್ಞಾನಿಗಳು ಹೇಳುತ್ತಾರೆ. ಹಸಿದ ನಾಡಿಗೆ ಒಬ್ಬ ಹುಡುಗ ಬಂದು, 1591ರಲ್ಲಿ ಸತ್ತನೆಂದು ಎಲ್ಲರೂ ತಿಳಿದಿದ್ದ ಫ್ಯೋದರ್‌ನ ತಮ್ಮ ದ್ಮಿತ್ರಿ ನಾನೇ ಅಂದ. ಜನ ನಂಬಿದರು. ಅವನು 1605ರಲ್ಲಿ ತ್ಸಾರ್ ಆದ, ಮರುವರ್ಷ ಕೊಲೆಯಾದ. ಅವನ ಮದುವೆಯ ಔತಣದಲ್ಲಿ ನಮ್ಮ ಪೊಝಾರ್ಸ್ಕಿಯೂ ಸೇವೆಯಲ್ಲಿದ್ದ. ಆಮೇಲೆ ವಾಸಿಲಿ ಶೂಯ್ಸ್ಕಿ ಪಟ್ಟಕ್ಕೆ ಬಂದ. ಕೂಡಲೇ ಎರಡನೇ ಸುಳ್ಳು ದ್ಮಿತ್ರಿ ಹುಟ್ಟಿಕೊಂಡು, ಮಾಸ್ಕೋದ ಪಕ್ಕದಲ್ಲೇ ತುಶಿನೊ ಅನ್ನುವ ಹಳ್ಳಿಯಲ್ಲಿ ಇನ್ನೊಂದು ಆಸ್ಥಾನ ಮಾಡಿದ. ಬೆಳಗ್ಗೆ ಇಲ್ಲಿ, ಸಂಜೆ ಅಲ್ಲಿ ಅಂತ ಓಡಾಡಿ ಎರಡೂ ಕಡೆ ಜಹಗೀರು ಪಡೆದವರು ಬಹಳ ಜನ. 1610ರಲ್ಲಿ ಪೋಲೆಂಡಿನ ಸೇನೆ ಕ್ಲುಶಿನೊದಲ್ಲಿ ಶೂಯ್ಸ್ಕಿಯ ಸೇನೆಯನ್ನು ಮುರಿಯಿತು. ಮಾಸ್ಕೋದಲ್ಲಿ ಎಲ್ಲರಿಗಿಂತ ಮೇಲಿನ ದರ್ಜೆಯ ಕುಲೀನರಾದ ಬೊಯಾರ್‌ಗಳು ಶೂಯ್ಸ್ಕಿಯನ್ನು ಇಳಿಸಿ, ಪೋಲೆಂಡ್ ದೊರೆ ಸಿಗಿಸ್ಮಂಡನ ಮಗ ವ್ಲಾದಿಸ್ಲಾವ್‌ನನ್ನು ತ್ಸಾರ್ ಆಗಲು ಕರೆದರು. ಮಾಸ್ಕೋದ ಕೋಟೆ ಕ್ರೆಮ್ಲಿನ್‌ನ ಬಾಗಿಲನ್ನು ಒಳಗಿನಿಂದಲೇ ತೆರೆದು ಪೋಲಿಷ್ ಪಡೆಯನ್ನು ಬಿಟ್ಟುಕೊಂಡರು.

ರಷ್ಯನ್ನರು ಈ ಕಾಲವನ್ನು 'ಸ್ಮುತಾ' ಅನ್ನುತ್ತಾರೆ. ಕದಡಿದ ಕಾಲ ಅಂತಿಟ್ಟುಕೊಳ್ಳಿ.

ಇಷ್ಟು ಜನ ಪಕ್ಷ ಬದಲಿಸುತ್ತಿದ್ದಾಗ ಪೊಝಾರ್ಸ್ಕಿ ಏನು ಮಾಡುತ್ತಿದ್ದ? 1610ರಲ್ಲಿ ಅವನು ಮಾಸ್ಕೋದ ದಕ್ಷಿಣಕ್ಕಿರುವ ಝರೈಸ್ಕ್ ಅನ್ನುವ ಸಣ್ಣ ಊರಿನ ಕೋಟೆ ಅಧಿಕಾರಿ. ಸುತ್ತಲಿನ ಊರುಗಳೆಲ್ಲ ಎರಡನೇ ದ್ಮಿತ್ರಿಗೆ ಶಿಲುಬೆ ಮುಟ್ಟಿ ಆಣೆ ಮಾಡಿದ್ದವು. ಊರ ಜನ ಗುಂಪಾಗಿ ಬಂದು 'ನೀನೂ ಮಾಡು, ಇಲ್ಲದಿದ್ದರೆ ಕೊಲ್ಲುತ್ತೇವೆ' ಅಂದರು. ಇವನು ಕೆಲವೇ ಜನರ ಜೊತೆ ಒಳಕೋಟೆಯ ಬಾಗಿಲು ಹಾಕಿಕೊಂಡ. ಊರಿನವರ ದವಸ, ಸಾಮಾನುಗಳೆಲ್ಲ ಇದ್ದದ್ದು ಅದೇ ಒಳಕೋಟೆಯಲ್ಲಿ! ಕೊನೆಗೆ ರಾಜಿ ಆಯಿತು. ಏನಂತ ಗೊತ್ತಾ? ಮಾಸ್ಕೋದಲ್ಲಿ ಶೂಯ್ಸ್ಕಿ ತ್ಸಾರ್ ಆಗಿದ್ದರೆ ಅವನಿಗೆ ನಡೆದುಕೊಳ್ಳೋಣ. ಬೇರೆ ಯಾರಾದರೂ ಆದರೆ ಅವರಿಗೆ ನಡೆದುಕೊಳ್ಳೋಣ.

ಇದು ವೀರಾವೇಶದ ಮಾತಲ್ಲ, ಗುಮಾಸ್ತನ ಮಾತಿನ ಹಾಗಿದೆ. ಆದರೆ ಅವನ ಗುಣ ಪೂರ್ತಿ ಇದರಲ್ಲೇ ಇದೆ ಅಂತ ನನಗೆ ಅನ್ನಿಸುತ್ತದೆ. ಅವನಿಗೆ ಇಂಥವನೇ ತ್ಸಾರ್ ಆಗಬೇಕು ಅಂತ ಇರಲಿಲ್ಲ. ಕ್ರಮದ ಪ್ರಕಾರ ಒಬ್ಬ ಇರಬೇಕು, ಅಷ್ಟೇ.

1611ರ ಮಾರ್ಚ್‌ಗೆ ಬರೋಣ. ವ್ಲಾದಿಸ್ಲಾವ್ ಬರಲೇ ಇಲ್ಲ. ಅವನ ಅಪ್ಪ ಸ್ಮೊಲೆನ್ಸ್ಕ್ ಕೋಟೆಗೆ ಮುತ್ತಿಗೆ ಹಾಕಿಕೊಂಡು ಕೂತಿದ್ದ, ತಾನೇ ತ್ಸಾರ್ ಆಗುವ ಆಸೆ ಅವನಿಗೆ. ಈ ಹೊತ್ತಿಗೆ ರ‍್ಯಜಾನ್‌ನ ಪ್ರೊಕೊಪಿ ಲ್ಯಪುನೊವ್ ಪೋಲಿಷರ ವಿರುದ್ಧ ಮೊದಲ ಜನಪಡೆ ಕಟ್ಟಿದ್ದ. ಅದು ಮಾಸ್ಕೋ ಮುಟ್ಟುವ ಮೊದಲೇ, ಮಾರ್ಚ್ 19ರಂದು ಊರಿನೊಳಗೆ ದಂಗೆ ಎದ್ದಿತು. (ನಾನು ಹೇಳುವ ತಾರೀಕುಗಳೆಲ್ಲ ಅಂದಿನ ರಷ್ಯದ ಹಳೆಯ ಪಂಚಾಂಗದವು. ಈಗಿನ ಲೆಕ್ಕಕ್ಕೆ ಹತ್ತು ದಿನ ಸೇರಿಸಿಕೊಳ್ಳಿ.) ಪೊಝಾರ್ಸ್ಕಿಯ ಮನೆ ಇದ್ದದ್ದು ಲುಬ್ಯಾಂಕಾ ಹತ್ತಿರ. ಪಕ್ಕದಲ್ಲೇ ಫಿರಂಗಿ ಎರಕ ಹೊಯ್ಯುವವರ ಕೇರಿ. ಅವರಿಂದ ಫಿರಂಗಿ ತರಿಸಿ, ಒಂದು ಚರ್ಚಿನ ಬಳಿ ಮರದ ದಿಮ್ಮಿಗಳ ಸಣ್ಣ ಕೋಟೆ ಕಟ್ಟಿ, ಅವನು ಪೋಲಿಷರನ್ನು ಹಿಂದಕ್ಕೆ ಅಟ್ಟಿದ. ಆಗ ಅವರು ಊರಿಗೇ ಬೆಂಕಿ ಹಚ್ಚಿದರು. ಅವರ ಕಡೆ ಸೇರಿದ್ದ ಮಿಖಾಯಿಲ್ ಸಲ್ತಿಕೊವ್ ಅನ್ನುವ ಬೊಯಾರ್ ಮೊದಲು ತನ್ನ ಮನೆಗೇ ಕೊಳ್ಳಿ ಇಟ್ಟ ಅಂತ ಆಗಿನ ಬಖೈರು ಹೇಳುತ್ತದೆ. ಸಲ್ತಿಕೊವ್ ಅನ್ನುವ ಹೆಸರನ್ನು ಮಾತ್ರ ದಯವಿಟ್ಟು ನೆನಪಿಡಿ, ಕೊನೆಗೆ ಬೇಕಾಗುತ್ತದೆ.

ಮರುದಿನ ಪೊಝಾರ್ಸ್ಕಿ ಗಾಯಗೊಂಡು ಬಿದ್ದ. ಅವನನ್ನು ಟ್ರಿನಿಟಿ ಮಠಕ್ಕೆ ಸಾಗಿಸಿದರು, ಅಲ್ಲಿಂದ ಅವನ ಊರಿಗೆ. ಮಾಸ್ಕೋದ ಬಹುಪಾಲು ಸುಟ್ಟು ಬೂದಿಯಾಯಿತು. ಮೊದಲ ಜನಪಡೆ ಬಂದು ಮುತ್ತಿಗೆಯೇನೋ ಹಾಕಿತು. ಆದರೆ ಕುಲೀನರಿಗೂ ಕೊಸಾಕರಿಗೂ, ಅಂದರೆ ಗಡಿ ಸೀಮೆಯ ಸ್ವತಂತ್ರ ದಂಡಾಳುಗಳಿಗೂ, ಹೊಂದಲಿಲ್ಲ. ಜುಲೈನಲ್ಲಿ ಕೊಸಾಕರು ಲ್ಯಪುನೊವ್‌ನನ್ನು ತಮ್ಮ ಸಭೆಗೆ ಕರೆಸಿ ಕಡಿದುಹಾಕಿದರು. ಉಳಿದವರು ಇಬ್ಬರು: ಕೊಸಾಕ್ ನಾಯಕ ಝರುತ್ಸ್ಕಿ ಮತ್ತು ಪ್ರಭು ದ್ಮಿತ್ರಿ ತ್ರುಬೆತ್ಸ್ಕೊಯ್. ಅದೇ ಬೇಸಗೆಯಲ್ಲಿ ಸ್ಮೊಲೆನ್ಸ್ಕ್ ಪೋಲಿಷರಿಗೆ ಸಿಕ್ಕಿತು, ನೊವ್ಗೊರೊದ್ ಸ್ವೀಡನ್ನಿಗೆ ಸಿಕ್ಕಿತು.

ಈಗ ನಿಂತವನ ಸರದಿ. ವೋಲ್ಗಾ ದಂಡೆಯ ನಿಜ್ನಿ ನೊವ್ಗೊರೊದ್ ವ್ಯಾಪಾರದ ಊರು. 1611ರ ಶರತ್ಕಾಲದಲ್ಲಿ ಮಿನಿನ್‌ನನ್ನು ಪೇಟೆಯ ಮುಖಂಡನಾಗಿ ಆರಿಸಿದ್ದರು. ಅವನು ಜನರ ಮುಂದೆ ನಿಂತು ದುಡ್ಡು ಕೇಳಿದ. ಭಾಷಣ ಮಾಡುವವರು ಬೇಕಾದಷ್ಟು ಜನ ಇದ್ದರು, ಲೆಕ್ಕ ಬರೆದು ದುಡ್ಡು ಎತ್ತುವವನು ಇವನೊಬ್ಬನೇ. ಮನಸ್ಸಿದ್ದವರು ಕೊಟ್ಟರು. ಮನಸ್ಸಿಲ್ಲದವರ ಆಸ್ತಿಗೆ ಬೆಲೆ ಕಟ್ಟಿ ಐದನೇ ಒಂದು ಪಾಲು ವಸೂಲಿ ಮಾಡಿದರು. ಕೊಡಲ್ಲ ಅಂದವರಿಂದ ಬಲವಂತವಾಗಿ ಕಿತ್ತುಕೊಂಡರು. ಶಾಲೆಯ ಪುಸ್ತಕಗಳಲ್ಲಿ ಈ ಕೊನೆಯ ಸಾಲು ಸಾಮಾನ್ಯವಾಗಿ ಇರುವುದಿಲ್ಲ.

ದುಡ್ಡು ಆಯಿತು, ದಂಡನಾಯಕ ಬೇಕು. ಒಬ್ಬ ಮಠಾಧಿಪತಿಯನ್ನು ಮುಂದಿಟ್ಟುಕೊಂಡು ಪೊಝಾರ್ಸ್ಕಿಯ ಹಳ್ಳಿಗೆ ನಿಯೋಗ ಹೋಯಿತು. ಅವನು ತಟ್ಟನೆ ಒಪ್ಪಲಿಲ್ಲ. ಮತ್ತೆ ಮತ್ತೆ ಬಂದು ಕೇಳಿದರು. ಕೊನೆಗೆ ಒಪ್ಪಿದಾಗ ಅವನು ಹಾಕಿದ ಷರತ್ತು ನೋಡಿ: ಖಜಾನೆ ನನ್ನ ಕೈಯಲ್ಲಿ ಬೇಡ. ನಿಮ್ಮ ಪೇಟೆಯವರಲ್ಲೇ ಒಬ್ಬನನ್ನು ಆರಿಸಿ, ದುಡ್ಡು ಅವನು ನೋಡಿಕೊಳ್ಳಲಿ. ಅಂಥವರು ನಮ್ಮಲ್ಲಿ ಯಾರಿದ್ದಾರೆ ಅಂತ ಅವರು ತಡಬಡಾಯಿಸಿದಾಗ, ಮಿನಿನ್ ಇದ್ದಾನಲ್ಲ ಅಂದನಂತೆ. ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದರು ಅನ್ನುವುದು ನನ್ನ ಗುಮಾನಿ. ಅದರಲ್ಲಿ ತಪ್ಪೇನೂ ಇಲ್ಲ.

ಸೈನಿಕರಿಗೆ ಸಂಬಳ ಕಟ್ಟಿದರು. ಮೊದಲ ದರ್ಜೆಗೆ 50 ರೂಬಲ್, ಆಮೇಲೆ 45, 40. ಯಾರಿಗೂ 30ಕ್ಕಿಂತ ಕಡಿಮೆ ಇಲ್ಲ. ಮೊದಲು ಬಂದವರು ಸ್ಮೊಲೆನ್ಸ್ಕ್ ಕಡೆಯ ಕುಲೀನರು, ಜಮೀನು ಕಳಕೊಂಡು ಅಲೆಯುತ್ತಿದ್ದವರು. ಮೊದಲ ಜನಪಡೆ ಮುರಿದದ್ದು ಹೊಟ್ಟೆ ವಿಷಯಕ್ಕೆ. ಸಂಬಳ ಇಲ್ಲದ ಕೊಸಾಕರು ಹಳ್ಳಿ ದೋಚುತ್ತಿದ್ದರು. ಇವರು ಆ ತಪ್ಪು ಮಾಡಲಿಲ್ಲ.

1612ರ ವಸಂತದಲ್ಲಿ ಪಡೆ ಹೊರಟಿತು. ನೇರವಾಗಿ ಮಾಸ್ಕೋಗೆ ಅಲ್ಲ. ವೋಲ್ಗಾ ದಂಡೆ ಹಿಡಿದು ಬಲಾಖ್ನಾ, ಕಿನೆಶ್ಮಾ, ಕೊಸ್ತ್ರೊಮಾ ದಾಟಿ ಯಾರೊಸ್ಲಾವ್ಲ್‌ಗೆ ಬಂದಿತು. ಏಪ್ರಿಲ್‌ನಿಂದ ಜುಲೈ ಕೊನೆಯವರೆಗೆ, ನಾಲ್ಕು ತಿಂಗಳು ಅಲ್ಲೇ ಕೂತಿತು.

ಈ ನಾಲ್ಕು ತಿಂಗಳ ಮೇಲೆ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಪೊಝಾರ್ಸ್ಕಿಯ ನಿಜವಾದ ಕೆಲಸ ನಡೆದದ್ದು ಇಲ್ಲೇ, ರಣರಂಗದಲ್ಲಿ ಅಲ್ಲ. ಆಗಲೂ ಬೈಯುವವರಿದ್ದರು. ಟ್ರಿನಿಟಿ ಮಠದ ಅವ್ರಾಮಿ ಪಾಲಿತ್ಸಿನ್ ಅನ್ನುವ ಸನ್ಯಾಸಿ ಯಾರೊಸ್ಲಾವ್ಲ್‌ಗೆ ಬಂದು ನೋಡಿ, ಇಲ್ಲಿ ಊಟ ಹೊಡೆಯುವವರೂ ಹೊಗಳುಭಟ್ಟರೂ ತುಂಬಿದ್ದಾರೆ ಅಂತ ಬರೆದಿಟ್ಟಿದ್ದಾನೆ.

ಆದರೆ ಒಳಗೆ ಏನು ನಡೆಯುತ್ತಿತ್ತು? 'ಇಡೀ ನಾಡಿನ ಮಂಡಳಿ' ಅಂತ ಒಂದು ಸರ್ಕಾರವೇ ಹುಟ್ಟಿತ್ತು. ಜಮೀನಿಗೊಂದು ಕಚೇರಿ, ದಂಡಿಗೊಂದು ಕಚೇರಿ, ವಿದೇಶ ವ್ಯವಹಾರಕ್ಕೊಂದು ಕಚೇರಿ. ಸ್ಟ್ರೊಗನೊವ್ ಅನ್ನುವ ದೊಡ್ಡ ವ್ಯಾಪಾರಿ ಮನೆತನದ ಗುಮಾಸ್ತರಿಂದ ಸಾಲ ಎತ್ತಿದರು. ನಾಣ್ಯವನ್ನೂ ಟಂಕಿಸಿದರು. ಆ ಕೊಪೆಕ್ ನಾಣ್ಯ ಹೇಗಿರುತ್ತಿತ್ತು ಅಂದರೆ, ಬೆಳ್ಳಿ ತಂತಿಯ ತುಂಡನ್ನು ಚಪ್ಪಟೆ ಬಡಿದು, ಎರಡು ಕಡೆ ಅಚ್ಚು ಒತ್ತುವುದು. ಕಲ್ಲಂಗಡಿ ಬೀಜದಷ್ಟು ಗಾತ್ರ, ಅರ್ಧ ಗ್ರಾಂನ ಆಸುಪಾಸು ತೂಕ. ಒಂದು ಕಡೆ ಈಟಿ ಹಿಡಿದ ಕುದುರೆ ಸವಾರ. ಇನ್ನೊಂದು ಕಡೆ ತ್ಸಾರ್ ಹೆಸರು. ಯಾವ ತ್ಸಾರ್? ಆಗ ತ್ಸಾರ್ ಅಂತ ಯಾರೂ ಇರಲಿಲ್ಲ. ಅವರು ಒತ್ತಿದ್ದು ಫ್ಯೋದರ್ ಹೆಸರನ್ನು. ಸತ್ತು ಹದಿನಾಲ್ಕು ವರ್ಷ ಆಗಿತ್ತು! ಎಲ್ಲರೂ ಜಗಳವಿಲ್ಲದೆ ಒಪ್ಪುವ ಕೊನೆಯ ಹೆಸರು ಅದೊಂದೇ. ಝರೈಸ್ಕ್‌ನ ರಾಜಿ ನೆನಪಾಯಿತೇ?

ಸ್ವೀಡನ್ನಿನ ವಿಷಯವನ್ನೂ ಅಲ್ಲಿಂದಲೇ ನಿಭಾಯಿಸಿದರು. ನೊವ್ಗೊರೊದ್‌ನಲ್ಲಿ ಕೂತಿದ್ದ ಸ್ವೀಡಿಷರು ಬೆನ್ನಿಗೆ ಬಿದ್ದರೆ ಎಲ್ಲ ಮುಗಿಯಿತು. ಅವರಿಗೆ ದೂತನನ್ನು ಕಳಿಸಿ, ನಿಮ್ಮ ದೊರೆಯ ತಮ್ಮ ಕಾರ್ಲ್ ಫಿಲಿಪ್ ನಮ್ಮ ಮತಕ್ಕೆ ಬಂದರೆ ಅವನನ್ನೇ ತ್ಸಾರ್ ಮಾಡೋಣವಂತೆ ಅಂತ ಮಾತುಕತೆ ಎಳೆದರು. ಬರೀ ಕಾಲಹರಣವೋ, ಮನಸ್ಸಿನಲ್ಲೂ ಇತ್ತೋ, ಇತಿಹಾಸಕಾರರು ಇವತ್ತಿಗೂ ವಾದ ಮಾಡುತ್ತಾರೆ. ನನ್ನ ಪ್ರಕಾರ ಎರಡೂ. ಇತ್ತ ಫ್ರಾನ್ಸಿನ ಮಾರ್ಗರೆ ಅನ್ನುವ ಬಾಡಿಗೆ ಸೈನಿಕ ತನ್ನ ಜನರ ಜೊತೆ ಸೇವೆಗೆ ಬರುತ್ತೇನೆ ಅಂದಾಗ ಪೊಝಾರ್ಸ್ಕಿ ಬೇಡ ಅಂದ. 1611ರಲ್ಲಿ ಮಾಸ್ಕೋ ಸುಡುವಾಗ ಆತ ಪೋಲಿಷರ ಕಡೆ ಇದ್ದ.

ಇನ್ನು ಸಹಿಯ ವಿಷಯ. 1612ರ ಏಪ್ರಿಲ್ 7ರಂದು ಈ ಮಂಡಳಿ ಊರೂರಿಗೆ ಓಲೆ ಕಳಿಸಿತು. ಓಲೆಯ ಒಳಗೆ ಪೊಝಾರ್ಸ್ಕಿಯೇ ಮುಖ್ಯಸ್ಥ. ಆದರೆ ಹಿಂದೆ ಸಹಿಗಳ ಸಾಲು ನೋಡಿದರೆ ಮೊದಲು ಮೊರೊಜೊವ್ ಅನ್ನುವ ಬೊಯಾರ್. ಆಮೇಲೆ ದೊಲ್ಗೊರುಕಿ. ಹೀಗೇ ಮನೆತನ, ಹುದ್ದೆಯ ಪ್ರಕಾರ ಇಳಿದು ಬಂದರೆ, ಪೊಝಾರ್ಸ್ಕಿಯದು ಹತ್ತನೇ ಸಹಿ. ಇಡೀ ಪಡೆಯನ್ನು ನಡೆಸುವವನಿಗೆ ಹತ್ತನೇ ಜಾಗ. ಇನ್ನೂ ಕೆಳಗೆ ಬಂದರೆ, ಹದಿನೈದನೆಯದು ಮಿನಿನ್‌ನ ಜಾಗ. ಅವನಿಗೆ ಬರೆಯಲು ಬರುತ್ತಿರಲಿಲ್ಲ. ಅಲ್ಲಿ ಹೀಗಿದೆ: ನಾಡೆಲ್ಲ ಆರಿಸಿದ ಕುಜ್ಮಾ ಮಿನಿನ್ ಪರವಾಗಿ ಪ್ರಭು ಪೊಝಾರ್ಸ್ಕಿ ಕೈ ಹಾಕಿದ್ದಾನೆ. ಮಾಂಸದ ವ್ಯಾಪಾರಿಯ ಪರವಾಗಿ ಪ್ರಭು ಸಹಿ ಹಾಕಿದ. ಅಮ್ಮನ ಜಾಗಕ್ಕೆ ತ್ಸಾರ್ ಹತ್ತಿರ ದೂರು ಒಯ್ದಿದ್ದ ಅದೇ ಮನುಷ್ಯ.

ಯಾರೊಸ್ಲಾವ್ಲ್‌ನಲ್ಲೂ ಜಾಗದ ಜಗಳ ನಿಂತಿರಲಿಲ್ಲ. ತೀರ್ಮಾನ ಹೇಳಲು ಯಾರೂ ಸಾಲದೆ, ಮಠ ಸೇರಿದ್ದ ವಯಸ್ಸಾದ ಧರ್ಮಗುರು ಕಿರಿಲ್‌ನನ್ನು ಕರೆಸಿ ಪಂಚಾಯ್ತಿಗೆ ಕೂರಿಸಿದರು. ಅಂಥ ಕಡೆ ದಂಡನಾಯಕನೇ ಹತ್ತನೆಯವನಾಗಿ ಸಹಿ ಹಾಕಿದರೆ, ಹನ್ನೊಂದನೆಯವನು ಏನು ತಕರಾರು ತೆಗೆಯುತ್ತಾನೆ?

ಕೊಲೆಯ ಪ್ರಯತ್ನವೂ ನಡೆಯಿತು. ಝರುತ್ಸ್ಕಿ ಕಳಿಸಿದ ಜನ ಊರು ಸೇರಿಕೊಂಡಿದ್ದರು. ಒಂದು ದಿನ ಪೊಝಾರ್ಸ್ಕಿ ಮಾಸ್ಕೋಗೆ ಸಾಗಿಸಬೇಕಾದ ಫಿರಂಗಿ ನೋಡಲು ಬಂದಿದ್ದ. ಕಚೇರಿ ಬಾಗಿಲಲ್ಲಿ ನೂಕುನುಗ್ಗಲು. ರೋಮನ್ ಅನ್ನುವ ಕೊಸಾಕ್ ಅವನ ಕೈ ಹಿಡಿದು ನಡೆಸುತ್ತಿದ್ದ. ಗುಂಪಿನಿಂದ ಚಾಕು ಬಂತು. ಪೊಝಾರ್ಸ್ಕಿಗೆ ಅಂತ ಎತ್ತಿದ್ದು ರೋಮನ್‌ನ ತೊಡೆ ಸೀಳಿತು. ಅವನು ಕೂಗಿಕೊಂಡು ಬಿದ್ದ. ಜನಜಂಗುಳಿಯಲ್ಲಿ ಏನೋ ತಾಗಿತು ಅಂದುಕೊಂಡು ಪೊಝಾರ್ಸ್ಕಿ ಮುಂದೆ ಹೊರಟೇಬಿಟ್ಟಿದ್ದ. ಜನರೇ ತಡೆದು, ನಿನ್ನನ್ನೇ ಕೊಲ್ಲಲು ಬಂದಿದ್ದಾರೆ ಅಂದರು. ಸಿಕ್ಕಿಬಿದ್ದವರು ಎಲ್ಲ ಬಾಯಿಬಿಟ್ಟರು. ಅವರನ್ನು ಕೊಲ್ಲಲು ಅವನು ಬಿಡಲಿಲ್ಲ. ಕೆಲವರನ್ನು ಸೆರೆಗೆ ಕಳಿಸಿ, ಕೆಲವರನ್ನು ಸಾಕ್ಷಿಗೆ ಇರಲಿ ಅಂತ ಮಾಸ್ಕೋಗೆ ಕರೆದೊಯ್ದ.

ಪಡೆ ಹೊರಟ ಸುದ್ದಿ ಕೇಳಿ ಝರುತ್ಸ್ಕಿ ಓಡಿಹೋದ. ಮಾಸ್ಕೋದ ಹೊರಗೆ ಉಳಿದವನು ತ್ರುಬೆತ್ಸ್ಕೊಯ್. ಆಗಸ್ಟ್ 20ರಂದು ಅವನು ಎದುರುಗೊಂಡು, ನಮ್ಮ ಬಿಡಾರದಲ್ಲೇ ಇಳಿದುಕೊಳ್ಳಿ ಅಂದ. ಪೊಝಾರ್ಸ್ಕಿ ಒಪ್ಪಲಿಲ್ಲ, ಊರಿನ ಇನ್ನೊಂದು ಮಗ್ಗುಲಲ್ಲಿ, ಅರ್ಬಾತ್ ಬಾಗಿಲ ಬಳಿ ಬೀಡುಬಿಟ್ಟ. ಲ್ಯಪುನೊವ್‌ಗೆ ಆದದ್ದು ಎಲ್ಲರಿಗೂ ನೆನಪಿತ್ತು. ಕೊಸಾಕರು ಬಿಟ್ಟಾರೆಯೇ? ಇವರಿಗೆ ಹೊಟ್ಟೆ ತುಂಬಿದೆ, ನಮ್ಮ ಜೊತೆ ಕೂರಲು ನಾಚಿಕೆ ಅಂತ ಗೊಣಗಿದರು.

ಎರಡನೇ ದಿನಕ್ಕೇ ಪೋಲೆಂಡಿನ ಹೆಟ್ಮನ್, ಅಂದರೆ ಸೇನಾಪತಿ, ಖೊದ್ಕೆವಿಚ್ ಬಂದ. ಕ್ರೆಮ್ಲಿನ್ ಒಳಗಿನ ಪಡೆ ಹಸಿದಿತ್ತು, ಅವರಿಗೆ ದವಸದ ಗಾಡಿಗಳನ್ನು ಮುಟ್ಟಿಸುವುದು ಅವನ ಕೆಲಸ. ಆಗಸ್ಟ್ 22ರ ಬೆಳಗ್ಗೆಯಿಂದ ಪಶ್ಚಿಮದಲ್ಲಿ ಯುದ್ಧ. ಪೊಝಾರ್ಸ್ಕಿ ಮೊದಲೇ ಐದು ಕುದುರೆ ದಳಗಳನ್ನು ಹೊಳೆಯಾಚೆ ತ್ರುಬೆತ್ಸ್ಕೊಯ್‌ಗೆ ಕೊಟ್ಟಿದ್ದ. ಇತ್ತ ಇವನ ಜನ ಕುದುರೆ ಇಳಿದು ಕೈಕೈ ಮಿಲಾಯಿಸುತ್ತಿದ್ದರೂ, ಅತ್ತ ಆ ದಡದಿಂದ ಒಬ್ಬರೂ ಅಲ್ಲಾಡಲಿಲ್ಲ. ಯಾರೊಸ್ಲಾವ್ಲ್‌ನಿಂದ ಸಾಹುಕಾರರು ಬಂದಿದ್ದಾರೆ, ಹೆಟ್ಮನ್‌ನನ್ನು ಅವರೇ ನೋಡಿಕೊಳ್ಳಲಿ ಅಂದರಂತೆ. ಆ ಐದು ದಳಗಳಿಗೆ ತಡೆಯಲಾಗಲಿಲ್ಲ, ಅಪ್ಪಣೆ ಕೇಳದೆ ಹೊಳೆ ದಾಟಿದರು. ಅವರ ಬೆನ್ನಿಗೆ ಕೊಸಾಕರ ನಾಯಕರಾದ ನಾಲ್ವರು ಅತಾಮನ್‌ಗಳೂ ಧುಮುಕಿದರು. ಅವರಲ್ಲಿ ಫಿಲಾತ್ ಮೆಝಕೊವ್ ಒಬ್ಬ. ನಿಮ್ಮಿಬ್ಬರ ಜಗಳದಲ್ಲಿ ನಾಡೇ ಹಾಳಾಗುತ್ತಿದೆ ಅಂತ ತ್ರುಬೆತ್ಸ್ಕೊಯ್‌ಗೆ ಮುಖದ ಮೇಲೇ ಹೇಳಿ ಹೊರಟರು. ಅಂದು ಹೆಟ್ಮನ್ ಹಿಂದೆ ಸರಿದ.

24ರಂದು ಅವನು ದಕ್ಷಿಣದಿಂದ ಬಂದ. ಮಧ್ಯಾಹ್ನದ ಹೊತ್ತಿಗೆ ಗೆದ್ದೇಬಿಟ್ಟ ಅನ್ನುವ ಹಾಗಿತ್ತು. ಕೊಸಾಕರು ಮುನಿಸಿಕೊಂಡು ಬಿಡಾರಕ್ಕೆ ವಾಪಸ್ ಹೋಗಿದ್ದರು. ಯಾರೊಸ್ಲಾವ್ಲ್‌ನಲ್ಲಿ ಬೈದ ಪಾಲಿತ್ಸಿನ್ ಇದ್ದನಲ್ಲ, ಅವನು ಓಡಿಹೋಗಿ ಅವರನ್ನು ಬೇಡಿ ತಿರುಗಿಸಿದ. ಅವನೇ ಬರೆದ ಕತೆ ಇದು, ತನ್ನ ಪಾತ್ರಕ್ಕೆ ಸ್ವಲ್ಪ ತುಪ್ಪ ಜಾಸ್ತಿಯೇ ಬಡಿಸಿಕೊಂಡಿರಬಹುದು. ಸಂಜೆಗೆ ಮಿನಿನ್ ಬಂದು ನನಗೆ ಜನ ಕೊಡಿ ಅಂದ. ಯಾರನ್ನು ಬೇಕೋ ಕರೆದುಕೋ ಅಂದ ಪೊಝಾರ್ಸ್ಕಿ. ಮೂರು ದಳ ಕುಲೀನರು, ಜೊತೆಗೆ ಖ್ಮೆಲೆವ್ಸ್ಕಿ ಅನ್ನುವ ಸರದಾರ. ಈ ಖ್ಮೆಲೆವ್ಸ್ಕಿ ಪೋಲಿಷ್‌ನವನೇ, ಪಕ್ಷ ಬಿಟ್ಟು ಬಂದವನು. ಅವರು ಹೊಳೆ ದಾಟಿ ಪಕ್ಕೆಗೆ ಬಿದ್ದರು. ಹಳ್ಳದಲ್ಲಿ, ಗಿಡಗಂಟಿಯಲ್ಲಿ ಅಡಗಿದ್ದವರೂ ಎದ್ದು ನುಗ್ಗಿದರು. ಸುಮಾರು ನಾನೂರು ದವಸದ ಗಾಡಿ ಸಿಕ್ಕಿದವು. ಖೊದ್ಕೆವಿಚ್ ಬಂದ ದಾರಿ ಹಿಡಿದ.

ಗೆದ್ದ ಮೇಲೂ ಜಗಳ ಮುಗಿಯಲಿಲ್ಲ! ತ್ರುಬೆತ್ಸ್ಕೊಯ್ ಬೊಯಾರ್. ಆ ಹುದ್ದೆ ತುಶಿನೊದ ಸುಳ್ಳು ತ್ಸಾರ್ ಕೊಟ್ಟದ್ದು, ಆದರೂ ಬೊಯಾರ್ ಬೊಯಾರೇ. ಪೊಝಾರ್ಸ್ಕಿ ಅವನಿಗಿಂತ ಕೆಳಗಿನ ಸ್ತೋಲ್ನಿಕ್ ದರ್ಜೆಯವನು. ಆದ್ದರಿಂದ ನೀನೇ ನನ್ನ ಬಿಡಾರಕ್ಕೆ ಬಂದು ಮಾತಾಡು ಅಂತ ತ್ರುಬೆತ್ಸ್ಕೊಯ್ ಪಟ್ಟು. ಕೊನೆಗೆ ಎರಡೂ ಬಿಡಾರದ ನಡುವೆ, ನೆಗ್ಲಿನ್ನಾಯಾ ಹೊಳೆಯ ಬಳಿ ಸೇರುವುದು ಅಂತಾಯಿತು. ನಿನ್ನದೂ ಅಲ್ಲದ, ನನ್ನದೂ ಅಲ್ಲದ ಜಾಗ. ಅಲ್ಲಿಂದಾಚೆಗೆ ಕಾಗದಗಳಲ್ಲಿ ಇಬ್ಬರ ಹೆಸರೂ ಬರುತ್ತದೆ, ತ್ರುಬೆತ್ಸ್ಕೊಯ್ ಹೆಸರು ಮೊದಲು. ಪೊಝಾರ್ಸ್ಕಿ ಅದಕ್ಕೂ ತಕರಾರು ಮಾಡಲಿಲ್ಲ.

ಕ್ರೆಮ್ಲಿನ್ ಒಳಗಿದ್ದವರಿಗೆ ಸೆಪ್ಟೆಂಬರ್‌ನಲ್ಲಿ ಪೊಝಾರ್ಸ್ಕಿ ಓಲೆ ಬರೆದ. ಶರಣಾಗಿ, ಜೀವಕ್ಕೆ ನಾನು ಹೊಣೆ, ಊರಿಗೆ ಹೋಗಲು ಶಕ್ತಿ ಇಲ್ಲದವರಿಗೆ ಗಾಡಿ ಕೊಡುತ್ತೇನೆ ಅಂದ. ಅವರು ಕೊಟ್ಟ ಉತ್ತರ ಬುಜಿಲೊ ಅನ್ನುವ ಪೋಲಿಷ್ ಸರದಾರನ ದಿನಚರಿಯಲ್ಲಿದೆ. ನಿನ್ನ ಜನರನ್ನು ನೇಗಿಲಿಗೆ ಕಳಿಸು, ಪಾದ್ರಿ ಚರ್ಚು ನೋಡಿಕೊಳ್ಳಲಿ, ಕುಜ್ಮಾಗಳು ಅಂಗಡಿ ನೋಡಿಕೊಳ್ಳಲಿ ಅನ್ನುವ ಧಾಟಿ ಅದರದು. ಅಲ್ಲೂ ಅದೇ ಮಾತು: ನಿಮ್ಮ ನಿಮ್ಮ ಜಾಗದಲ್ಲಿರಿ. ಸ್ವಾರಸ್ಯ ಅಂದರೆ ಕುಜ್ಮಾ ದಮಿಯಾನ್ ಸಂತರ ಹಬ್ಬದ ದಿನ ಹುಟ್ಟಿದ ಪೊಝಾರ್ಸ್ಕಿಗೂ ಜ್ಞಾನಸ್ನಾನದ ಹೆಸರು ಕುಜ್ಮಾನೇ.

ಮುಂದಿನ ತಿಂಗಳು ಒಳಗೆ ನಡೆದದ್ದನ್ನು ಅದೇ ದಿನಚರಿ ಹೇಳುತ್ತದೆ. ಹುಲ್ಲು, ಬೇರು, ಇಲಿ, ನಾಯಿ ಮುಗಿದವು. ಆಮೇಲೆ ಸತ್ತವರ ಮಾಂಸ. ಹೆಚ್ಚು ಬಿಡಿಸಿ ಹೇಳುವುದಿಲ್ಲ. ಅಕ್ಟೋಬರ್ 22ಕ್ಕೆ ಕ್ರೆಮ್ಲಿನ್ ಪಕ್ಕದ ಕಿತಾಯ್‌ಗೊರೊದ್ ಕೋಟೆ ಬಿತ್ತು. ನಾಲ್ಕೈದು ದಿನಕ್ಕೆ ಕ್ರೆಮ್ಲಿನ್ ಶರಣಾಯಿತು. ಮೊದಲು ಹೊರಬಂದವರು ಒಳಗೆ ಸಿಕ್ಕಿಕೊಂಡಿದ್ದ ಬೊಯಾರ್‌ಗಳು. ಅವರ ಜೊತೆ ಹದಿನಾರು ವರ್ಷದ ಒಬ್ಬ ಹುಡುಗ, ಮಿಖಾಯಿಲ್ ರೊಮಾನೊವ್. ಕೊಸಾಕರು ದೋಚಲು ಕಾದಿದ್ದರು. ಪೊಝಾರ್ಸ್ಕಿ ತನ್ನ ಜನರನ್ನು ಅಡ್ಡ ನಿಲ್ಲಿಸಿ ಅವರನ್ನು ದಾಟಿಸಿದ. ಸೆರೆಸಿಕ್ಕ ಪೋಲಿಷರಲ್ಲಿ ತ್ರುಬೆತ್ಸ್ಕೊಯ್ ಪಾಲಿಗೆ ಹೋದವರನ್ನು ಕೊಸಾಕರು ಕೊಂದರು, ಪೊಝಾರ್ಸ್ಕಿ ಪಾಲಿಗೆ ಬಂದವರು ಬದುಕಿದರು.

2005ರಿಂದ ರಷ್ಯದಲ್ಲಿ ನವೆಂಬರ್ 4 'ರಾಷ್ಟ್ರೀಯ ಏಕತೆಯ ದಿನ'. ಅದು ಇದರ ನೆನಪಿಗೇ. ಅಕ್ಟೋಬರ್ 22ಕ್ಕೆ ಹತ್ತು ದಿನ ಸೇರಿಸಿದರೆ ನವೆಂಬರ್ 1 ಬರಬೇಕು. ಚರ್ಚಿನ ಈಗಿನ ಲೆಕ್ಕ ಹದಿಮೂರು ದಿನ, ಅದರಿಂದ 4 ಬಂತು. ತಾರೀಕಿನಲ್ಲೇ ಏಕತೆ ಇಲ್ಲ ಅಂತ ತಮಾಷೆ ಮಾಡಬಹುದು.

1613ರ ಫೆಬ್ರವರಿ 21ರಂದು ನಾಡಸಭೆ ಆ ಹುಡುಗ ಮಿಖಾಯಿಲ್‌ನನ್ನೇ ತ್ಸಾರ್ ಆಗಿ ಆರಿಸಿತು. ತ್ರುಬೆತ್ಸ್ಕೊಯ್‌ಗೆ ತಾನೇ ಆಗುವ ಆಸೆ ಇತ್ತು, ವಾರಗಟ್ಟಲೆ ಕೊಸಾಕರಿಗೆ ಔತಣ ಹಾಕಿಸಿದ್ದ. ಪೊಝಾರ್ಸ್ಕಿಯೂ ಪಟ್ಟಕ್ಕಾಗಿ ಇಪ್ಪತ್ತು ಸಾವಿರ ರೂಬಲ್ ಸುರಿದ ಅಂತ ಎಷ್ಟೋ ವರ್ಷದ ಮೇಲೆ ಒಂದು ಜಗಳದಲ್ಲಿ ಯಾರೋ ಆರೋಪ ಹೊರಿಸಿದರು. ಜಗಳದ ಬಾಯಲ್ಲಿ ಬಂದ ಮಾತು, ನಾನು ಅಷ್ಟು ಬೆಲೆ ಕೊಡುವುದಿಲ್ಲ. ಜುಲೈ 11ರ ಪಟ್ಟಾಭಿಷೇಕದಲ್ಲಿ ತ್ರುಬೆತ್ಸ್ಕೊಯ್ ರಾಜದಂಡ ಹಿಡಿದ, ಪೊಝಾರ್ಸ್ಕಿ ಚಿನ್ನದ ಗೋಲ ಹಿಡಿದ. ಅಂದೇ ಅವನು ಬೊಯಾರ್ ಆದ. ಕಿರೀಟ ಹಿಡಿಯುವ ಭಾಗ್ಯ ತ್ಸಾರ್‌ನ ಚಿಕ್ಕಪ್ಪನಿಗೆ. ಅವನು ನನಗಿಂತ ಕೆಳಗಿನವನು ಅಂತ ತ್ರುಬೆತ್ಸ್ಕೊಯ್ ಅಲ್ಲೂ ಅರ್ಜಿ ಹಾಕಿದ್ದ!

ಇನ್ನು ನಾನು ನೆನಪಿಡಿ ಅಂದ ಹೆಸರಿಗೆ ಬರುತ್ತೇನೆ. ಅದೇ ವರ್ಷ ಡಿಸೆಂಬರ್. ಬೊರಿಸ್ ಸಲ್ತಿಕೊವ್ ಅನ್ನುವವನಿಗೆ ಬೊಯಾರ್ ಪದವಿ ಸಿಕ್ಕಿತು. ಅವನು ತ್ಸಾರ್‌ನ ತಾಯಿಯ ಕಡೆ ನೆಂಟ. ಮನೆಗೆ ಕೊಳ್ಳಿ ಇಟ್ಟ ಸಲ್ತಿಕೊವ್‌ನ ಕುಲದವನೇ. ಪದವಿ ಕೊಡುವಾಗ ಎದುರಿಗೆ ನಿಂತು ಅದನ್ನು ಸಾರಿ ಹೇಳಬೇಕು. ಆ ಕೆಲಸ ಪೊಝಾರ್ಸ್ಕಿಗೆ ಹೇಳಿದರು. ಸಾರಿ ಹೇಳಿದವನು ಕೆಳಗಿನವನು ಅಂತ ದಾಖಲೆಗೆ ಹೋಗುತ್ತದೆ. ಪೊಝಾರ್ಸ್ಕಿ ಆಗುವುದಿಲ್ಲ ಅಂದ. ಯಾರೊಸ್ಲಾವ್ಲ್‌ನಲ್ಲಿ ಹತ್ತನೇ ಸಹಿ ಹಾಕಿದವನು, ಇಲ್ಲಿ ಬಿಲ್ಕುಲ್ ಆಗಲ್ಲ ಅಂದ. ಹುಷಾರಿಲ್ಲ ಅಂತ ಮನೆಗೆ ಹೋಗಿಬಿಟ್ಟ.

ಪುಸ್ತಕ ತೆಗೆದರು. ವಂಶಾವಳಿ ನೋಡಿದರು. ಲೆಕ್ಕದಲ್ಲಿ ಸಲ್ತಿಕೊವ್ ಮೇಲೆ. ಶಿಕ್ಷೆ: ಪೊಝಾರ್ಸ್ಕಿಯನ್ನು 'ತಲೆಯೊಪ್ಪಿಸುವುದು'. ಅಂದರೆ ಸೋತವನು ಕುದುರೆ ಹತ್ತುವ ಹಾಗಿಲ್ಲ. ಒಬ್ಬ ಅಧಿಕಾರಿ ಜೊತೆಗೆ ಬರುತ್ತಾನೆ, ಬೀದಿಯಲ್ಲಿ ನಡೆದೇ ಗೆದ್ದವನ ಮನೆಗೆ ಹೋಗಬೇಕು. ಅಂಗಳದಲ್ಲಿ, ಮೆಟ್ಟಿಲ ಕೆಳಗೆ ನಿಲ್ಲಬೇಕು. ಗೆದ್ದವನು ಮೆಟ್ಟಿಲ ಮೇಲೆ ನಿಂತಿರುತ್ತಾನೆ. ನಿನ್ನ ಕೈಗೆ ಒಪ್ಪಿಸಿದ್ದೇವೆ ಅಂತ ಅಧಿಕಾರಿ ಹೇಳುತ್ತಾನೆ. ಅವನು ಸಾಕು ಹೋಗು ಅನ್ನುವವರೆಗೆ ನಿಂತಿರಬೇಕು. ಹೊಡೆಯುವುದು, ಬಡಿಯುವುದು ಏನೂ ಇಲ್ಲ. ಬರೀ ನಿಲ್ಲುವುದು. ಕ್ರೆಮ್ಲಿನ್ ಬಿಡಿಸಿ ಹದಿನಾಲ್ಕು ತಿಂಗಳೂ ಸರಿಯಾಗಿ ಆಗಿರಲಿಲ್ಲ.

ನಾಡಿಗೆ ತ್ಸಾರ್ ಇಲ್ಲದಾಗ ಅವನು ತನ್ನ ಜಾಗ ಬಿಟ್ಟುಕೊಟ್ಟ. ತ್ಸಾರ್ ಬಂದ ಮೇಲೆ ಕೇಳಿದ. ಇದನ್ನು ಸಣ್ಣತನ ಅಂತ ಬರೆದವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಕ್ರಮ ವಾಪಸ್ ಬರಲಿ ಅಂತಲೇ ಅವನು ಹೋರಾಡಿದ್ದು. ಬಂದ ಕ್ರಮ ಮೊದಲು ಮೆಟ್ಟಿಲ ಕೆಳಗೆ ನಿಲ್ಲಿಸಿದ್ದು ಅವನನ್ನೇ.

ಆಮೇಲೂ ಅವನು ಸುಮ್ನೆ ಕೂರಲಿಲ್ಲ. 1615ರಲ್ಲಿ ಪೋಲಿಷ್ ಸರದಾರ ಲಿಸೊವ್ಸ್ಕಿಯ ದಂಡಿನ ಬೆನ್ನು ಹತ್ತಿದ. 1617-18ರಲ್ಲಿ ವ್ಲಾದಿಸ್ಲಾವ್ ದಂಡೆತ್ತಿ ಬಂದಾಗ ಕಲೂಗಾ ಊರನ್ನು ಕಾದ. ದರೋಡೆ ಮೊಕದ್ದಮೆಗಳ ಕಚೇರಿ ನಡೆಸಿದ, ನೊವ್ಗೊರೊದ್‌ನಲ್ಲಿ ಅಧಿಕಾರಿಯಾಗಿದ್ದ. ಮಿನಿನ್ 1616ರಲ್ಲೇ ತೀರಿಕೊಂಡಿದ್ದ. ತ್ರುಬೆತ್ಸ್ಕೊಯ್‌ನನ್ನು ಸೈಬೀರಿಯದ ತೊಬೊಲ್ಸ್ಕ್‌ಗೆ ಅಧಿಕಾರಿ ಮಾಡಿ ಕಳಿಸಿದರು, 1625ರಲ್ಲಿ ಅಲ್ಲೇ ಸತ್ತ. ಕೆಂಪು ಚೌಕದ ಪ್ರತಿಮೆಯಲ್ಲಿ ಅವನಿಲ್ಲ. ಕೊಸಾಕರ ಕಡೆಯವರೂ ಯಾರೂ ಇಲ್ಲ.

ಪೊಝಾರ್ಸ್ಕಿ 1642ರ ಏಪ್ರಿಲ್‌ನಲ್ಲಿ ತೀರಿಕೊಂಡ. ಸುಜ್ದಾಲ್‌ನ ಮಠದಲ್ಲಿ ಅವನ ಹಿರಿಯರ ಪಕ್ಕ ಹೂಳಿದರು. ಮುಂದೆ ಅವನ ಗಂಡು ಸಂತಾನ ನಿಂತುಹೋಯಿತು. 1760ರ ದಶಕದಲ್ಲಿ ಆ ಗೋರಿಮನೆ ಪಾಳುಬಿದ್ದಿದೆ ಅಂತ ಮಠದವರೇ ಕೆಡವಿ, ಕಲ್ಲುಗಳನ್ನು ಬೇರೆ ಕಟ್ಟಡಕ್ಕೆ ಹಾಕಿಕೊಂಡರು. ಅವನು ಎಲ್ಲಿ ಮಲಗಿದ್ದಾನೆ ಅನ್ನುವುದೇ ಮರೆತುಹೋಗಿ, 1850ರ ಆಸುಪಾಸಿನಲ್ಲಿ ಪುರಾತತ್ವದ ಉವಾರೊವ್ ಅಗೆದು ಹುಡುಕಬೇಕಾಯಿತು. 1885ರಲ್ಲಿ ಅಮೃತಶಿಲೆಯ ಗೋರಿ ಕಟ್ಟಿದರು, 1933ರಲ್ಲಿ ಒಡೆದರು, 2009ರಲ್ಲಿ ಮತ್ತೆ ಕಟ್ಟಿದರು. ಜಾಗದ ಜಗಳದ ದಾಖಲೆ ಪುಸ್ತಕಗಳನ್ನು ಮಾತ್ರ 1682ರಲ್ಲೇ ಆ ಪದ್ಧತಿ ರದ್ದು ಮಾಡಿ ಸುಟ್ಟುಹಾಕಿದ್ದರು.

ಫೋಟೋ ಇನ್ನೊಮ್ಮೆ ನೋಡಿ. ಈ ಪ್ರತಿಮೆ ಮೊದಲು ಇದ್ದದ್ದು ಇಲ್ಲಲ್ಲ. ಚೌಕದ ನಟ್ಟನಡುವೆ ಇತ್ತು. ಪೆರೇಡಿಗೆ ಅಡ್ಡ ಬರುತ್ತದೆ ಅಂತ 1931ರಲ್ಲಿ ಚರ್ಚಿನ ಪಕ್ಕಕ್ಕೆ ಸರಿಸಿದರು.